ತುಂಬಿನ ಎಂಜಿನ್ನು

ಮೈಲವ್ವ ಅಂಗಳದ ಮೂಲೆಯ ತಗಡಿನ ಶೆಡ್ಡಿನ ಬಾಗಿಲಿಗೆ ಭುಜ ಕೊಟ್ಟು ನೂಕುತ್ತಿದ್ದಳು. ಬಾಗಿಲು ಮಣ್ಣಿಗೆ ಕಚ್ಚಿಕೊಂಡು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇತ್ತ ಪೆಂಡಾಲಿನ ಕೆಳಗೆ ಗಂಡ ತಿರಕಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಇನ್ನೂ ಜಳಕವಾಗಿರಲಿಲ್ಲ, ಹಣೆಗೆ ವಿಭೂತಿ ಬಿದ್ದಿರಲಿಲ್ಲ. ಹೆಂಡತಿಯಾದವಳು ಹೆಣದ ಮುಂದೆ ಕೂತು ಹಾಡ್ಯಾಡಿ ಅಳುವುದು ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿನ ಜತೆ ಗುದ್ದಾಡುವುದನ್ನು ಕಂಡು ನೆರೆದ ಮಂದಿ ಮುಖ ಮುಖ ನೋಡಿಕೊಂಡರು.

ಓಣಿಯ ಹಿರಿಯ ಮಲ್ಲೇಶಪ್ಪ ಎದ್ದು ಬಂದ. ಬ್ಯಾಡಗಿಯ ಆ ಓಣಿಯಲ್ಲಿ ಮದುವೆಯಾಗಲಿ ಮಣ್ಣಾಗಲಿ ಅವನ ಮಾತು ಮೀರಿ ನಡೆಯುತ್ತಿರಲಿಲ್ಲ.

"ಏನ್ ಮಾಡಾಕತ್ತೀಯವ್ವಾ ಮೈಲವ್ವಾ? ಮನಿ ಯಜಮಾನ ಅಲ್ಲಿ ಹಂಗ ಕುಂತಾನ, ನೀ ಇಲ್ಲಿ ಶೆಡ್ಡು ಒಡ್ಯಾಕತ್ತೀದಿ!"

"ಅವರ ಜಳಕಕ್ಕ ನೀರು ಎತ್ತಬೇಕಲ್ರಿ ಕಾಕಾ."

"ಅದಕ್ಕ ಚಂದ್ರಪ್ಪ ವ್ಯವಸ್ಥಾ ಮಾಡ್ಯಾನಲ್ಲ?"

"ಅದಕ್ಕ ನಾ ಇದನ್ನ ತಗ್ಯಾಕತ್ತೇನ್ರಿ" ಎಂದು ಮೈಲವ್ವ ಮತ್ತೊಮ್ಮೆ ಭುಜ ಕೊಟ್ಟಳು.

ನೀರಿನ ತಕರಾರು ಬೆಳಿಗ್ಗೆಯೇ ಹುಟ್ಟಿತ್ತು. ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತ ತಿರಕಪ್ಪ ಮತ್ತೆ ಏಳಲಿಲ್ಲ. ಮಗನ ಹೆಣದ ಮುಂದೆ ಕೂತ ಮುದುಕಿ ಉಚ್ಚಂಗೆವ್ವ ಒಂದೇ ಹಟ ಹಿಡಿದಳು: ನನ್ನ ಮಗ ತೋಡಿದ ಬಾವಿಯ ನೀರೇ ಅವನ ಮೈಮೇಲೆ ಬೀಳಬೇಕು, ನಳದ ನೀರು ನಡೆಯುವುದಿಲ್ಲ, ನೆರೆಮನೆಯ ಕೊಡವೂ ನಡೆಯುವುದಿಲ್ಲ. ಬಾವಿಯೇನೋ ಅಂಗಳದಲ್ಲೇ ಇತ್ತು. ಆದರೆ ರಾಟೆ ಕಿತ್ತು ವರ್ಷಗಳಾಗಿದ್ದವು, ಬೇಸಿಗೆಯ ನೀರು ಪಾತಾಳ ಸೇರಿತ್ತು, ಕರೆಂಟು ಎಂದಿನಂತೆ ಕೈ ಕೊಟ್ಟಿತ್ತು. ಆಗ ಎದ್ದುನಿಂತವನು ಚಂದ್ರಪ್ಪ. ತಿರಕಪ್ಪನ ಚಿಕ್ಕಪ್ಪನ ಮಗ, ರಾಣೆಬೆನ್ನೂರಿನಲ್ಲಿ ಡೀಸೆಲ್ ಪಂಪ್‌ಸೆಟ್ಟುಗಳ ದೊಡ್ಡ ಅಂಗಡಿಯವನು. ಮೊಬೈಲು ತೆಗೆದು ನಾಲ್ಕು ಮಂದಿಗೆ ಕೇಳುವಂತೆ ಮಾತಾಡಿದ.

"ಏ ಸುಭಾಷ, ಹೊಸಾ ಪಂಪ್‌ಸೆಟ್ ಒಂದು ಗಾಡ್ಯಾಗ ಹಾಕ್ಕೊಂಡು ಲಗೂನ ಬ್ಯಾಡಗಿಗೆ ಬಾ. ನಮ್ಮಣ್ಣಗ ನಂದೂ ಒಂದು ಸೇವಾ ಆಗಲಿ."

ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಮೈಲವ್ವ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳೇನೋ. ಆದರೆ ಯಾರೋ ತಿರಕಪ್ಪನ ಎಂಜಿನ್ ಇದೆಯಲ್ಲ ಎಂದರು. ಚಂದ್ರಪ್ಪ ದನಿ ತಗ್ಗಿಸಿದ. ತಗ್ಗಿಸಿದ್ದು ಎಲ್ಲರಿಗೂ ಕೇಳುವಷ್ಟು ಮಾತ್ರ.

"ಅಣ್ಣನ ಎಂಜಿನ್ನಾ? ಅದು ಕೆಮ್ಮಾಕ ಹುಟ್ಟಿದ್ದರಿ, ನೀರು ಎತ್ತಾಕಲ್ಲ."

ಮಂದಿ ನಕ್ಕರು. ಟವೆಲ್ಲು ಬಾಯಿಗೆ ಒತ್ತಿಕೊಂಡು, ಹೆಣದ ಕಡೆ ನೋಡಿ ತಲೆ ತಗ್ಗಿಸಿ, ಆದರೂ ನಕ್ಕರು. ಒಳಗೆ ಗೋಡೆಗೊರಗಿ ಕೂತಿದ್ದ ಮೈಲವ್ವನಿಗೆ ಆ ನಗೆಯ ಗುರುತು ಹತ್ತಿತು. ಏಳು ವರ್ಷದ ಹಿಂದೆ ಹಾವೇರಿಯಲ್ಲಿ ಕೇಳಿದ ನಗೆಯೇ ಅದು. ಅವನ ಪಂಪ್‌ಸೆಟ್ಟು ಎತ್ತಿದ ನೀರಿನಲ್ಲಿ ತನ್ನ ಗಂಡನ ಕಡೆಯ ಜಳಕವೇ? ಆಕೆ ಎದ್ದು ಬಂದಿದ್ದಳು.

ಬಾಗಿಲು ಕಿರುಗುಟ್ಟಿ ತೆರೆಯಿತು.

"ಶಾಬಣ್ಣಾ" ಎಂದು ಗಂಡನ ಗೆಳೆಯನನ್ನು ಕೂಗಿದಳು. "ಇಲ್ಲಿ ಬಾ."

*

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟಿಗೆ ತುಂಬು ಎನ್ನುತ್ತಾರೆ. ಸುಗ್ಗಿ ಬಂತೆಂದರೆ ಊರ ಹೆಂಗಸರೆಲ್ಲ ಗೋದಾಮುಗಳಲ್ಲಿ ಸಾಲಾಗಿ ಕೂತು ತುಂಬು ಮುರಿಯುತ್ತಾರೆ. ಕಾಯಿ ಪರದೇಶಕ್ಕೆ ಹೋಗುತ್ತದೆ, ತುಂಬು ತಿಪ್ಪೆಗೆ ಬೀಳುತ್ತದೆ. ಮದುವೆಯಾಗಿ ಬಂದ ವರ್ಷದಿಂದ ಮೈಲವ್ವ ಆ ಸಾಲಿನಲ್ಲಿ ಕೂತವಳು. ಮೊದಮೊದಲು ಕಣ್ಣು, ಮೂಗು, ಬೆರಳು ಎಲ್ಲ ಉರಿದವು. ಆಮೇಲೆ ಉರಿಯುವುದಕ್ಕೂ ಬೇಸರವಾಯಿತೋ ಏನೋ, ಸುಮ್ಮನಾದವು. ಒಲೆಯಲ್ಲಿ ಮೆಣಸಿನಕಾಯಿ ಬಿದ್ದು ಹೊತ್ತಿದರೂ ಆಕೆಗೆ ಒಂದು ಸೀನು ಬರುತ್ತಿರಲಿಲ್ಲ.

ತಿರಕಪ್ಪ ರೈತರ ಪಂಪ್‌ಸೆಟ್ಟು ರಿಪೇರಿ ಮಾಡುವವನು. ಸೈಕಲ್ಲಿಗೆ ಪಾನಾ, ಸುತ್ತಿಗೆ ಕಟ್ಟಿಕೊಂಡು ಇವತ್ತು ಮೋಟೆಬೆನ್ನೂರು, ನಾಳೆ ಕಾಗಿನೆಲೆ ಎಂದು ಹೊಲ ಹೊಲ ತಿರುಗುವವನು. ಹೆಂಡತಿಯನ್ನು ಕರೆದೊಯ್ಯಲು ಬಂದಾಗೆಲ್ಲ ಗೋದಾಮಿನ ಹಿಂದಿನ ತುಂಬಿನ ಗುಡ್ಡೆ ನೋಡಿ ನೋಡಿ ಅವನ ತಲೆಯಲ್ಲಿ ಹುಳ ಹೊಕ್ಕಿತು.

"ಇದನ್ನ ಪೂರಾ ಸುಡಬಾರದು, ಉಸುರು ಕಟ್ಟಿಸಿ ಅರ್ಧಾ ಸುಡಬೇಕು. ಆವಾಗ ಬರೂ ಹೊಗಿಯೊಳಗ ಎಂಜಿನ್ ಓಡತೈತಿ" ಎಂದ ಒಂದು ಸಂಜೆ.

"ನಿಮಗ ಹುಚ್ಚು ಹಿಡದೈತಿ" ಎಂದಳು ಮೈಲವ್ವ. ಮರುದಿನ ತಾನೇ ಒಂದು ಚೀಲ ತುಂಬು ಹೊತ್ತು ತಂದಳು.

ಹಳೆಯ ಡ್ರಮ್ಮಿನಲ್ಲಿ ಕುಲುಮೆ ಮಾಡಿದ. ಮೇಲೆ ತುಂಬು ಹಾಕಲು ಮುಚ್ಚಳ, ಕೆಳಗೆ ಬೂದಿ ತೆಗೆಯಲು ಬಾಗಿಲು, ಪಕ್ಕದಲ್ಲಿ ಗಾಳಿ ಊದಲು ಕೈಯಿಂದ ತಿರುಗಿಸುವ ಫ್ಯಾನು, ಅಲ್ಲಿಂದ ಕೊಳವೆ, ಹೊಗೆ ತಣ್ಣಗಾಗಲು ಇನ್ನೊಂದು ಡ್ರಮ್ಮು, ಕೊನೆಗೆ ಗುಜರಿಯಿಂದ ತಂದ ಎಂಜಿನ್ನು, ಅದಕ್ಕೆ ಬೆಲ್ಟಿನಿಂದ ಜೋಡಿಸಿದ ಪಂಪು. ಬೆಸುಗೆ ಹಾಕಲು ಗೆಳೆಯ ಶಾಬುದ್ದೀನ ಇದ್ದ. ಎಲ್ಲ ಜೋಡಿಸಿದ್ದು ಒಂದು ತಿಂಗಳಲ್ಲಿ. ಸೋರಿಕೆ ಮುಚ್ಚಿದ್ದು ಎರಡು ವರ್ಷ! ಕುಲುಮೆಗೆ ಬೇಕಾದಷ್ಟೇ ಗಾಳಿ ಹೋಗಬೇಕು. ಎಲ್ಲೋ ಸೂಜಿಮೊನೆಯಷ್ಟು ತೂತಿನಿಂದ ಕಳ್ಳಗಾಳಿ ನುಗ್ಗಿದರೂ ಅನಿಲವೆಲ್ಲ ಒಳಗೇ ಉರಿದುಹೋಗಿ ಎಂಜಿನ್ನು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಒಂದು ತೂತು ಮುಚ್ಚಿದರೆ ಇನ್ನೊಂದು ಬಾಯಿ ಬಿಡುತ್ತಿತ್ತು. ಸೋಪಿನ ನೊರೆ ಬಳಿದು ನೋಡಿದರು, ಊದುಬತ್ತಿ ಹಿಡಿದು ಅದರ ಹೊಗೆ ಯಾವ ಕಡೆ ಎಳೆಯುತ್ತದೆಂದು ನೋಡಿದರು. ಎಲ್ಲಕ್ಕಿಂತ ಪಕ್ಕಾ ಪರೀಕ್ಷೆ ಮಾತ್ರ ಉಚ್ಚಂಗೆವ್ವ. ಫ್ಯಾನು ತಿರುಗಿಸುವಾಗ ಮುದುಕಿಯನ್ನು ಕುಲುಮೆಯ ಹತ್ತಿರ ಕೂರಿಸುತ್ತಿದ್ದರು. ಆಕೆ ಕೆಮ್ಮಿದರೆ ಸೋರಿಕೆ ಇದೆ ಎಂದರ್ಥ.

"ಹೆತ್ತವ್ವನ್ನ ಕೆಮ್ಮಾಕ ಕೂರಿಸೀರಲ್ಲೋ, ನಿಮ್ಮ ಎಂಜಿನ್ ಹಾಳಾಗ್ಲಿ!" ಎಂದು ಬೈಯುತ್ತಲೇ ಮುದುಕಿ ಬಂದು ಕೂರುತ್ತಿದ್ದಳು.

ಮೇಲಿನ ಮುಚ್ಚಳದ್ದೇ ದೊಡ್ಡ ಕಾಟ. ಕಲ್ನಾರಿನ ಹುರಿ ಸುತ್ತಿದರೆ ತೆಳುವಾಗಿ ಸರಿದುಹೋಗುತ್ತಿತ್ತು. ಒಂದು ದಿನ ಮೈಲವ್ವ ಅವನ ಕೈಯಿಂದ ಹುರಿ ಕಿತ್ತುಕೊಂಡು, ಮೂರೆಳೆ ಮಾಡಿ ಜಡೆ ಹೆಣೆದಳು. ಮುಚ್ಚಳದ ಅಳತೆಗೆ ಬಳೆಯಂತೆ ಬಾಗಿಸಿ, ಎರಡು ತುದಿಗಳನ್ನು ತಾಮ್ರದ ತಂತಿಯಿಂದ ಹೊಲಿದಳು. ಅವತ್ತು ತುಂಬು ಹೊತ್ತಿಸಿದರು, ಫ್ಯಾನು ತಿರುಗಿಸಿದರು. ಮುದುಕಿ ಕೆಮ್ಮಲಿಲ್ಲ. ಬದಲಿಗೆ ಗಾಬರಿಯಾದಳು.

"ಮೆಣಸಿನಕಾಯಿ ಸುಟ್ಟರೂ ಘಾಟು ಬರವಲ್ಲದಂದ್ರ ಯಾರದೋ ದೃಷ್ಟಿ ತಾಗೇತಿ! ಲಗೂನ ಉಪ್ಪು ತರ್ರಿ, ದೃಷ್ಟಿ ತಗೀತೇನಿ."

ಎಂಜಿನ್ನು ಮೊದಲ ಸಲ ನಿಲ್ಲದೆ ಓಡುತ್ತಿತ್ತು. ತಿರಕಪ್ಪ, ಶಾಬುದ್ದೀನ ಇಬ್ಬರೂ ನೆಲದ ಮೇಲೆ ಕೂತು ನಗುತ್ತಿದ್ದರು. ಮುದುಕಿ ಮಾತ್ರ ಎಂಜಿನ್ನಿಗೆ ಉಪ್ಪು ನಿವಾಳಿಸುತ್ತಿದ್ದಳು.

*

"ಭಾಳ ದಿನಾ ಆತಲ್ಲಕ್ಕಾ ಇದನ್ನ ಹೊತ್ತಿಸಿ" ಎಂದ ಶಾಬುದ್ದೀನ. ಅತ್ತು ಅತ್ತು ಅವನ ಮುಖ ಊದಿಕೊಂಡಿತ್ತು. "ಜಾಯಿಂಟು ಸಡ್ಲಾಗಿರತಾವು. ಎಲ್ಲರೂ ಕುಂತಾರ. ನಿಂತು ಬಿಟ್ಟರ?"

"ನಿಂತರ ಅವರು ಇನ್ನೊಮ್ಮೆ ನಗತಾರ. ನಾ ಆ ಬಾವ್ಯಾಗ ಬೀಳತೇನಿ."

"ಹಂಗ್ಯಾಕ ಅಂತೀದಿ ಅಕ್ಕಾ..."

"ನಿಂದರಬಾರದು ಶಾಬಣ್ಣ. ಅವನ ಗಾಡಿ ಬರೂದ್ರಾಗ ನೀರು ಬರಬೇಕು."

ಶಾಬುದ್ದೀನ ಪಾನಾ ಹಿಡಿದ. ಬೂದಿ ಬಾಗಿಲಿನ ಸಂದಿಗೆ ಸುಣ್ಣ, ಜೇಡಿಮಣ್ಣು ಕಲಸಿ ಮೆತ್ತಿದ. ಕೊಳವೆಯ ಕೊರಳಿಗೆ ಹೊಸ ರಬ್ಬರು ಸುತ್ತಿ ತಂತಿ ಬಿಗಿದ. ಮೈಲವ್ವ ಹೆಣದ ಮುಂದೆ ಉರಿಯುತ್ತಿದ್ದ ಊದುಬತ್ತಿಗಳಲ್ಲಿ ಒಂದನ್ನು ಕಿತ್ತು ತಂದಾಗ ಪೆಂಡಾಲಿನಲ್ಲಿ ಗುಸುಗುಸು ಎದ್ದಿತು.

"ಗಂಡ ಹೋದ ಖಬರೂ ಇಲ್ಲ ನೋಡ್ರಿ ಈಕಿಗೆ. ಒಂದು ಹನಿ ಕಣ್ಣೀರಿಲ್ಲ."

"ಕಲ್ಲಿನಂಥಾ ಹೆಂಗಸು ಬಿಡ್ರಿ."

ಮೈಲವ್ವನಿಗೆ ಕೇಳಿಸಿತು. ಅಳು ಎಲ್ಲಿಗೂ ಓಡಿಹೋಗುವುದಿಲ್ಲ, ನಾಳೆಯೂ ಅಳಬಹುದು, ಬದುಕಿರುವವರೆಗೂ ಅಳುವುದಿದ್ದೇ ಇದೆ. ಇವತ್ತು ಬೇರೆ ಕೆಲಸವಿತ್ತು. ಆಕೆ ಊದುಬತ್ತಿಯನ್ನು ಒಂದೊಂದೇ ಕೀಲಿನ ಹತ್ತಿರ ಹಿಡಿಯುತ್ತ ಹೋದಳು.

ಚಂದ್ರಪ್ಪ ಅಲ್ಲಿಗೇ ಬಂದ. ಬಿಳಿ ಅಂಗಿ, ಬೆರಳಲ್ಲಿ ಉಂಗುರ.

"ವೈನಿ, ಯಾಕ ಇಷ್ಟು ತ್ರಾಸ ತಗೋತೀರಿ? ನಾ ಇದ್ದೇನಲ್ಲ. ಗಾಡಿ ಮೋಟೆಬೆನ್ನೂರು ದಾಟಿರತೈತಿ."

ಮೈಲವ್ವ ಊದುಬತ್ತಿಯನ್ನು ಮುಂದಿನ ಕೀಲಿಗೆ ಹಿಡಿದಳು.

*

ಹಾವೇರಿ ಜಿಲ್ಲೆಯಾದ ಹೊಸತು. ಅಲ್ಲಿ ರೈತರಿಗೆಂದು ಒಂದು ವಸ್ತುಪ್ರದರ್ಶನ ಇಟ್ಟಿದ್ದರು. ತಿರಕಪ್ಪ ಹುರುಪಿನಿಂದ ಎಂಜಿನ್ನನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿದ್ದ. ಅಗಡಿಯಿಂದ, ಬ್ಯಾಡಗಿಯಿಂದ, ರಾಣೆಬೆನ್ನೂರಿನಿಂದ ಗುರುತಿನವರೆಲ್ಲ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ತಿರಕಪ್ಪ ಮದುಮಗನ ಹಾಗೆ ಬೆವರುತ್ತಿದ್ದ. ಚಂದ್ರಪ್ಪನೂ ಬಂದಿದ್ದ, ಅಣ್ಣನಿಗೆ ಕೈಜೋಡಿಸುತ್ತೇನೆಂದು ತಾನೇ ಮುಂದೆ ಬಂದು, ಕುಲುಮೆಗೆ ತುಂಬು ಸುರಿದು ಮುಚ್ಚಳ ಹಾಕಿದ.

ಎಂಜಿನ್ನು ಓಡಿತು, ಹತ್ತು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ಆಮೇಲೆ ಕೆಮ್ಮಿತು. ಮತ್ತೆ ಕೆಮ್ಮಿ ನಿಂತೇ ಹೋಯಿತು. ತಿರಕಪ್ಪ ಓಡಾಡಿ ಒಂದೊಂದು ಕೀಲನ್ನೂ ಮುಟ್ಟಿ ಮುಟ್ಟಿ ನೋಡಿದ. "ದಮ್ಮಿನ ರೋಗ ಹತ್ತೇತಿ, ದವಾಖಾನಿಗೆ ಒಯ್ರಿ" ಎಂದು ಚಂದ್ರಪ್ಪ ಅಂದದ್ದೇ ತಡ, ಇಡೀ ಮೈದಾನ ನಕ್ಕಿತು. ಅಂದಿನಿಂದ ಅವನಿಗೆ ಕೆಮ್ಮಿನ ತಿರಕಪ್ಪ ಎಂದೇ ಹೆಸರು ಬಿತ್ತು. ಹೊಲಕ್ಕೆ ರಿಪೇರಿಗೆ ಹೋದರೂ ರೈತರು ಸುಳ್ಳೇ ಕೆಮ್ಮಿ ಕರೆಯುತ್ತಿದ್ದರು.

ಮನೆಗೆ ಬಂದು ಬಿಚ್ಚಿ ನೋಡಿದರೆ ಮುಚ್ಚಳದ ಬಾಯಲ್ಲಿ ಮೈಲವ್ವ ಹೆಣೆದ ಬಳೆ ಇರಲಿಲ್ಲ. ದಾರಿಯಲ್ಲಿ ಬಿದ್ದಿರಬೇಕು ಎಂದ ತಿರಕಪ್ಪ. ಮರುತಿಂಗಳು ಚಂದ್ರಪ್ಪನ ಮಗಳ ಸೀರೆ ಉಡಿಸುವ ಕಾರ್ಯಕ್ಕೆ ಮೈಲವ್ವ ರಾಣೆಬೆನ್ನೂರಿಗೆ ಹೋದಳು. ಅಡುಗೆಮನೆಯಲ್ಲಿ ಚಂದ್ರಪ್ಪನ ಹೆಂಡತಿ ಒಲೆಯಿಂದ ಸಾರಿನ ಪಾತ್ರೆ ಇಳಿಸಿ ಸಿಂಬೆಯ ಮೇಲಿಟ್ಟಳು. ಮೂರೆಳೆಯ ಜಡೆ, ತಾಮ್ರದ ಹೊಲಿಗೆ. ತನ್ನ ಕೈಯ ಹೆಣಿಗೆ ಆಕೆಗೆ ತಿಳಿಯದೇ?

"ಇದನ್ನ ಎಲ್ಲಿಂದ ತಂದಿಯವ್ವಾ?"

"ನಮ್ಮವರು ತಂದಾರ. ಎಷ್ಟು ಸುಡೂ ಪಾತ್ರಿ ಇಟ್ಟರೂ ಏನೂ ಆಗಂಗಿಲ್ಲ ನೋಡ್ರಿ" ಎಂದಳು ಏನೂ ಅರಿಯದ ಆ ಹೆಂಗಸು.

ಮೈಲವ್ವ ಆ ಮನೆಯಲ್ಲಿ ಅನ್ನ ಮುಟ್ಟದೆ ಬಂದಳು. ಗಂಡನಿಗೆ ಹೇಳಿದಳು, ಅತ್ತಳು, ಜಗಳ ತೆಗೆದಳು. ತುಂಬಿನಿಂದ ನೀರೆತ್ತುವುದು ಸಾಧ್ಯವಾದರೆ ಅವನ ಡೀಸೆಲ್ ಪಂಪ್‌ಸೆಟ್ಟನ್ನು ಯಾರು ಕೇಳುತ್ತಾರೆ, ಅದಕ್ಕೇ ಕದ್ದಿದ್ದಾನೆ, ನಾಲ್ಕು ಮಂದಿಯ ಮುಂದೆ ಅವನ ಮಾನ ತೆಗೆಯೋಣ ಎಂದಳು. ತಿರಕಪ್ಪ ಕಲ್ನಾರಿನ ಹುರಿಯ ಸುರುಳಿ ತಂದು ಆಕೆಯ ಮುಂದಿಟ್ಟ.

"ನೀ ಇನ್ನೊಂದು ಹೆಣಿ" ಎಂದ.

"ಅಂದ್ರ? ಅವನ್ನ ಹಂಗ ಬಿಡೂದನ?"

"ಕುಲುಮಿ ಸೋರಿದ್ರ ಮುಚ್ಚಬಹುದು ಮೈಲಾ. ಮಂದಿ ಬಾಯಿ ಮುಚ್ಚಾಕ ಆಗತೈತೇನು?"

ಆಕೆ ಇನ್ನೊಂದು ಹೆಣೆದಳು. ಒಂದೊಂದು ಎಳೆ ಎಳೆಯುವಾಗಲೂ ಚಂದ್ರಪ್ಪನ ಕುತ್ತಿಗೆಯನ್ನು ನೆನೆದು ಬಿಗಿದಳು. ಎಂಜಿನ್ನು ಮತ್ತೆ ಓಡಿತು, ಎಷ್ಟೋ ಸಲ ಓಡಿತು. ತಿರಕಪ್ಪ ಮಾತ್ರ ಯಾರನ್ನೂ ಕರೆದು ತೋರಿಸಲಿಲ್ಲ. ಓಡಿತು, ನಾನು ನೋಡಿದೆ, ನೀನು ನೋಡಿದೆ, ಸಾಕು ಎನ್ನುತ್ತಿದ್ದ. ಗಂಡನ ಈ ಒಳ್ಳೆಯತನವನ್ನು ಕಂಡರೆ ಮೈಲವ್ವನಿಗೆ ಮೈ ಉರಿಯುತ್ತಿತ್ತು. ಅವನು ಮರೆತ ಸಿಟ್ಟನ್ನೂ ಸೇರಿಸಿ ಇಬ್ಬರ ಪಾಲಿನದನ್ನೂ ತಾನೊಬ್ಬಳೇ ಸಾಕಿಕೊಂಡು ಬಂದಳು.

*

ಶಾಬುದ್ದೀನ ಕುಲುಮೆಗೆ ತುಂಬು ಸುರಿದು ಹೊತ್ತಿಸಿ, ಫ್ಯಾನು ತಿರುಗಿಸಿ, ಅನಿಲ ಬರುತ್ತಿದೆಯೇ ಎಂದು ನೋಡುವ ಸಣ್ಣ ಕೊಳವೆಯ ಬಾಯಿಗೆ ಕಡ್ಡಿ ಗೀರಿದ. ಅನಿಲ ನೀಲಿಯಾಗಿ ಹೊತ್ತಿತು. ಹ್ಯಾಂಡಲು ಹಾಕಿ ತಿರುಗಿಸಿದ. ಮೊದಲ ಸಲ ಎಂಜಿನ್ನು ಬುಸ್ಸೆಂದು ಸುಮ್ಮನಾಯಿತು. ಪೆಂಡಾಲಿನಲ್ಲಿ ಯಾರೋ ಕೆಮ್ಮಿದರು, ಬೇಕೆಂದೇ. ಎರಡನೆಯ ಸಲ ಡುಗುಡುಗು ಎಂದಿತು. ಮೈಲವ್ವ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಡುಗುಡುಗು ನಿಲ್ಲಲಿಲ್ಲ. ಬೆಲ್ಟು ತಿರುಗಿತು, ಪೈಪು ಕೊಸರಿಕೊಂಡು ಮೊದಲು ರಾಡಿ ಕಕ್ಕಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ.

ಉಚ್ಚಂಗೆವ್ವನ ಹಾಡು ಅರ್ಧಕ್ಕೇ ನಿಂತಿತು. ಮಲ್ಲೇಶಪ್ಪ ಟವೆಲ್ಲು ಹೆಗಲಿಗೆಸೆದುಕೊಂಡು ಬಾವಿಯ ಕಡೆ ಓಡಿಬಂದ.

"ಎಲಾ ಇವನ! ಖರೇನ ನೀರು ಬಂತಲ್ಲೋ! ಒಂದೀಟು ಘಾಟಿಲ್ಲ, ಹೊಗಿಲ್ಲ."

ಮಂದಿಯೆಲ್ಲ ಶೆಡ್ಡಿನ ಸುತ್ತ ಮುಕುರಿದರು. ತಿರಕಪ್ಪನಿಗೆ ಅವನದೇ ಬಾವಿಯಿಂದ ಅವನದೇ ಎಂಜಿನ್ನು ಎತ್ತಿದ ನೀರಿನಲ್ಲಿ ಜಳಕವಾಯಿತು. ಹೊಸ ಪಂಚೆ ಉಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಮತ್ತೆ ಕೂರಿಸಿದರು. ಮೈಲವ್ವನಿಗೆ ಈಗ ಅಳಬಹುದು ಎನ್ನಿಸಿತು, ಹೆಣದ ಕಡೆ ಎರಡು ಹೆಜ್ಜೆ ಇಟ್ಟಳು ಕೂಡ.

ಅಷ್ಟರಲ್ಲಿ ಚಂದ್ರಪ್ಪನ ದನಿ ಕೇಳಿತು. ಅಣ್ಣನ ಪಾದದ ಬಳಿ ಕುರ್ಚಿ ಎಳೆದುಕೊಂಡು ಕೂತು, ಸುತ್ತ ನಿಂತವರಿಗೆ ಹೇಳುತ್ತಿದ್ದ.

"ನಂದ ಐಡಿಯಾರಿ ಇದು. ಅವತ್ತ ಹಾವೇರ್‍ಯಾಗ ನಿಂತಿತಲ್ಲ, ಆವಾಗ ನಾನ ಅಣ್ಣಗ ಹೇಳಿದ್ನಿ. ಅಣ್ಣಾ, ಆ ಮುಚ್ಚಳದಾಗ ಗಾಳಿ ಹೊಕ್ಕೈತಿ, ಅಲ್ಲಿ ಒಂದು ಬಿಗಿ ಮಾಡು ಅಂತ. ಮಾಡಿದಾ, ಓಡ್ತು. ಇನ್ನ ಇದನ್ನ ಇಲ್ಲಿ ಕೊಳ್ಯಾಕ ಬಿಡೂದು ಬ್ಯಾಡ. ರಾಣೆಬೆನ್ನೂರಿಗೆ ಒಯ್ದು ನಮ್ಮ ಅಂಗಡಿ ಮುಂದ ನಿಂದರಸತೇನಿ, ನಮ್ಮ ಕಂಪನಿ ಹೆಸರಿನ್ಯಾಗ."

"ಭೇಷ್ ಆತು ನೋಡು. ತಮ್ಮ ಅಂದ್ರ ಹಿಂಗಿರಬೇಕು" ಎಂದರು ಯಾರೋ.

ಶಾಬುದ್ದೀನ ತಲೆಯೆತ್ತಿ ಮೈಲವ್ವನನ್ನು ನೋಡಿದ. ಮುಚ್ಚಳದ ಸಂಗತಿ ಈ ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಬಳೆ ಕದ್ದವನಿಗೆ ಬಿಟ್ಟರೆ.

ಬಂದಿದ್ದ ಅಳು ಸರ್ರನೆ ಒಳಗಿಳಿಯಿತು. ಮಾನ ಕದ್ದ, ಸರಿ. ಈಗ ಎಂಜಿನ್ನನ್ನೂ, ಅದರ ಹಿಂದಿನ ಎರಡು ವರ್ಷದ ಬೆವರನ್ನೂ, ಸತ್ತವನ ಕಾಲ ಬಳಿ ಕೂತೇ ಕದಿಯುತ್ತಿದ್ದಾನೆ. ಕಣ್ಣಲ್ಲಿ ಹನಿ ನೀರಿಲ್ಲದೆ! ಮೈಲವ್ವ ಸುತ್ತ ನೋಡಿದಳು. ಭೇಷ್ ಎಂದವರ ಕಣ್ಣೂ ಒಣಗಿದ್ದವು. ಗಾಳಿ ಶೆಡ್ಡಿನ ಕಡೆಯಿಂದ ಪೆಂಡಾಲಿನ ಕಡೆ ಬೀಸುತ್ತಿತ್ತು.

ಗೋಡೆಯ ಪಕ್ಕ ತುಂಬು ಮುರಿಯುವ ಹೆಂಗಸರು ನಿಂತಿದ್ದರು. ಆಕೆ ಶಾಬುದ್ದೀನನ ಹೆಂಡತಿ ಸಕೀನಾಬಿಯ ಹತ್ತಿರ ಹೋದಳು.

"ಸಕೀನಾ, ನಮ್ಮತ್ತೀನ ಒಳಗ ಕರಕೊಂಡು ಹೋಗಿ ಬಾಗಲಾ ಹಾಕು. ಶಾಬಣ್ಣನ್ನೂ ಕರಕೊಂಡು ಹೋಗು."

"ಯಾಕಕ್ಕಾ?"

"ಹೋಗು, ಹೇಳತೇನಿ."

ಸಕೀನಾಬಿ ಮೈಲವ್ವನ ಮುಖ ನೋಡಿ ಮುದುಕಿಯ ರಟ್ಟೆ ಹಿಡಿದಳು.

ಶೆಡ್ಡಿನ ಹಿಂದೆ ಮುರುಕು ಮೆಣಸಿನಕಾಯಿ, ಬೀಜ, ಪುಡಿ ತುಂಬಿದ ಒಂದು ಚೀಲವಿತ್ತು. ಒಲೆಗೂ ಬಾರದ, ಎಂಜಿನ್ನಿಗೂ ಹಾಕಬೇಡವೆಂದು ತಿರಕಪ್ಪ ಬದಿಗಿರಿಸಿದ್ದ ಚೀಲ. ಮೈಲವ್ವ ಅದನ್ನು ಎಳೆದು ತಂದಳು. ಕುಲುಮೆಯ ಮುಚ್ಚಳದ ಬೋಲ್ಟು ಬಿಚ್ಚಿ, ಮುಚ್ಚಳ ಎತ್ತಿ ಪಕ್ಕಕ್ಕೆಸೆದಳು. ಎಂಜಿನ್ನು ಕೆಮ್ಮಿ ನಿಂತಿತು.

"ಅಕ್ಕಾ, ಮುಚ್ಚಳಾ!" ಎಂದು ಶಾಬುದ್ದೀನ ಬಾಗಿಲಿನಿಂದ ಕೂಗಿದ.

"ಗೊತ್ತೈತಿ" ಎಂದಳು.

ನಿಗಿನಿಗಿ ಕೆಂಡದ ಮೇಲೆ ಚೀಲ ಬರಿದು ಮಾಡಿದಳು. ಆಮೇಲೆ ಫ್ಯಾನಿನ ಹಿಡಿಕೆ ಹಿಡಿದು ತಿರುಗಿಸಿದಳು.

ಹೊಗೆ ಹಳದಿಯಾಗಿ ಎದ್ದು, ತಗಡಿನ ಮೇಲೆ ಒಮ್ಮೆ ಸುತ್ತಿ, ಪೆಂಡಾಲಿನೊಳಗೆ ನುಗ್ಗಿತು. ಮೊದಲು ಮಲ್ಲೇಶಪ್ಪ ಸೀನಿದ. ಮರುಕ್ಷಣ ಎಲ್ಲರ ಗಂಟಲೂ ಒಟ್ಟಿಗೇ ಕಟ್ಟಿತು. ಕುರ್ಚಿಗಳು ಉರುಳಿದವು. ಹೊರಗೋಡೋಣವೆಂದರೆ ಓಣಿಯ ಬಾಯಿಗೆ ಚಂದ್ರಪ್ಪನ ಪಂಪ್‌ಸೆಟ್ಟಿನ ಗಾಡಿ ಆಗಷ್ಟೇ ಬಂದು ಅಡ್ಡ ನಿಂತಿತ್ತು. ಹಾವೇರಿಯಲ್ಲಿ ನಕ್ಕವರು, ಬೆಳಿಗ್ಗೆ ಟವೆಲ್ಲಿನಲ್ಲಿ ನಕ್ಕವರು, ಈಗ ಭೇಷ್ ಎಂದವರು, ಎಲ್ಲರೂ ಕಣ್ಣು ಮೂಗು ಸುರಿಸುತ್ತ, ಒಬ್ಬರನ್ನೊಬ್ಬರು ತಬ್ಬಿಕೊಂಡು, ಗೋಡೆಗೆ ಹಣೆ ಕೊಟ್ಟು ಬಿಕ್ಕುತ್ತಿದ್ದರು. ತುಂಬು ಮುರಿಯುವ ಹೆಂಗಸರು ಮಾತ್ರ ನಿಂತಲ್ಲೇ ನಿಂತು ಒಣಗಣ್ಣಿನಿಂದ ಇದನ್ನೆಲ್ಲ ನೋಡುತ್ತಿದ್ದರು.

"ನೀರು... ವೈನಿ, ನೀರು..." ಎಂದು ಚಂದ್ರಪ್ಪ ಕುರುಡನಂತೆ ಕೈಚಾಚಿ ಎದ್ದ. ಉರುಳಿದ ಕುರ್ಚಿಗೆ ಎಡವಿ ಮೊಣಕಾಲೂರಿ ಬಿದ್ದ. ಕೆಮ್ಮು ಅವನನ್ನು ಬಗ್ಗಿಸಿತು, ಇನ್ನೂ ಬಗ್ಗಿಸಿತು. ಆಸರೆಗೆ ತಡಕಾಡಿದ ಎರಡೂ ಕೈಗೆ ತಿರಕಪ್ಪನ ಕಾಲುಗಳು ಸಿಕ್ಕಿದವು. ಅವನ್ನೇ ಬಿಗಿಯಾಗಿ ಹಿಡಿದುಕೊಂಡು, ಹಣೆಯನ್ನು ಆ ಪಾದಗಳ ಮೇಲಿಟ್ಟು, ರಾಣೆಬೆನ್ನೂರಿನ ಚಂದ್ರಪ್ಪ ಹೋ ಎಂದು ಅಳತೊಡಗಿದ.

ಮೈಲವ್ವ ಹಿಡಿಕೆಗೆ ಇನ್ನೊಂದು ಕೈಯನ್ನೂ ಹಾಕಿ, ಜೋರಾಗಿ ತಿರುಗಿಸಿದಳು.